ಒಂದು ಗೆರೆ ಸಿಗ್ನಲಲ್ಲಿ ವೆಬ್‌ಸೈಟ್ ಮೇಲೆ ಹಾಕೋದು ಹೇಗೆ: ಕಕ್ಕಬ್ಬೆ ಕಡೆಯ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನೆಟ್ ಸ್ಪೀಡ್ ಜಾಸ್ತಿ ಮಾಡೋದು ಹೇಗೆ ಅಂತ ಇದ್ರಲ್ಲಿ ಇಲ್ಲ. ಅದು ನಮ್ಮ ಕೈಲಿ ಇಲ್ಲ ಮಾರಾಯ್ರೆ. ನಮ್ಮ ಮನೆ ಕೊಡಗಿನ ಕಕ್ಕಬ್ಬೆ ದಾಟಿ ಒಳಗೆ, ತಡಿಯಂಡಮೋಳ್ ಬುಡದಲ್ಲಿ, ಬೆಟ್ಟ 1748 ಮೀಟರ್ ಎತ್ತರ ಅಂತ ಚಾರಣಕ್ಕೆ ಬರೋರು ಖುಷಿಯಾಗಿ ಹೇಳ್ತಾರೆ, ನಮಗೆ ಅದು ಟವರಿಗೂ ನಮಗೂ ಮಧ್ಯ ನಿಂತಿರೋ ಒಂದು ಗೋಡೆ ಅಷ್ಟೆ. ಮಳೆಗಾಲದಲ್ಲಿ ಫೋನ್ ಮಾಡ್ಬೇಕಾದ್ರೆ ಕಾಫಿ ಕಣದ ಮೂಲೆಗೆ ಛತ್ರಿ ಹಿಡ್ಕೊಂಡು ಹೋಗ್ಬೇಕು. ಇಂಥ ಜಾಗದಲ್ಲಿ ಕೂತ್ಕೊಂಡೇ ಚಿಕ್ಕಮ್ಮನ ಹೋಂಸ್ಟೇಗೆ ಒಂದು, ಏಲಕ್ಕಿ ಕರಿಮೆಣಸು ಜೇನು ಮಾರೋಕೆ ಒಂದು, ಹೀಗೆ ಎರಡು ಸೈಟ್ ಮೇಲೆ ಹಾಕಿ ನಡೆಸ್ತಾ ಇದೀನಿ. ಹೇಗೆ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಬರೀತಿದೀನಿ.

ಮೊದಲನೇ ಸಲ ಏನಾಯ್ತು ಅಂದ್ರೆ, ಕೊಡವರ ಕಕ್ಕಡ ತಿಂಗಳು, ಮದ್ದು ಸೊಪ್ಪಿನ ಪಾಯಸದ ದಿನ ಅಂದ್ರೆ ಆಗಸ್ಟ್ 3ಕ್ಕೆ ಸೈಟ್ ಓಪನ್ ಮಾಡ್ಬೇಕು ಅಂತ ಹಠ ನನಗೆ. ಲ್ಯಾಪ್‌ಟಾಪಲ್ಲಿ ವರ್ಡ್‌ಪ್ರೆಸ್ (ಸೈಟ್ ಕಟ್ಟೋ ಸಾಫ್ಟ್‌ವೇರ್) ಪೂರ್ತಿ ರೆಡಿ ಮಾಡಿಟ್ಟು, ಫೋನಲ್ಲಿ ತೆಗೆದ 60 ಫೋಟೋ ಹಾಗೇ ಸೇರಿಸಿ, ರಾತ್ರಿ 10 ಗಂಟೆಗೆ ಇಡೀ ಫೋಲ್ಡರನ್ನ ಸರ್ವರಿಗೆ, ಅಂದ್ರೆ ಸೈಟ್ ಇರೋ ದೂರದ ಕಂಪ್ಯೂಟರಿಗೆ, ಎಳೆದು ಹಾಕಿ ಮಲಗಿದೆ. ಎರಡು ಗಂಟೆ ಸುಮಾರಿಗೆ ಎಲ್ಲೋ ಸಿಲ್ವರ್ ಓಕ್ ಒಂದು ಲೈನ್ ಮೇಲೆ ಬಿತ್ತು, ಕರೆಂಟ್ ಹೋಯ್ತು, ಅದರ ಹಿಂದೆ ನೆಟ್ಟೂ ಹೋಯ್ತು. ಬೆಳಿಗ್ಗೆ ನೋಡಿದ್ರೆ ಯಾವ ಫೈಲ್ ಹೋಗಿದೆ ಯಾವುದು ಹೋಗಿಲ್ಲ ಒಂದೂ ಗೊತ್ತಾಗ್ತಿಲ್ಲ, ಸೈಟ್ ಓಪನ್ ಮಾಡಿದ್ರೆ ಬಿಳಿ ಪರದೆ. ಮತ್ತೆ ಮೊದಲಿಂದ. ಮತ್ತೆ ಕಟ್. ಪಾಯಸ ತಿಂದು ಮುಗೀತು, ಸೈಟ್ ಮೇಲೆ ಹೋಗಿದ್ದು ಆ ತಿಂಗಳ ಕೊನೆಗೆ.

ಅವತ್ತಿಂದ ನಾನು ಹಿಡಿದಿರೋದು ಎರಡೇ ಮಾತು. ಮೇಲೆ ಕಳಿಸೋದನ್ನ ಎಷ್ಟು ಆಗುತ್ತೋ ಅಷ್ಟು ಕಮ್ಮಿ ಮಾಡು. ಕನೆಕ್ಷನ್ ಕಟ್ ಆಗೇ ಆಗುತ್ತೆ, ಆದಾಗ ಮೊದಲಿಂದ ಶುರು ಮಾಡೋ ಹಾಗೆ ಇರ್ಬಾರ್ದು. ಕೆಳಗೆ ಬರೋದೆಲ್ಲ ಇದೇ ಎರಡರ ಬೇರೆ ಬೇರೆ ರೂಪ.

ಮೊದ್ಲು ಲೆಕ್ಕ ಹಾಕಿ

ಸ್ಪೀಡ್ ಟೆಸ್ಟ್ ಮಾಡಿದ್ರೆ ಎಲ್ಲರೂ ನೋಡೋದು ಡೌನ್‌ಲೋಡ್ ನಂಬರ್. ನಿಮಗೆ ಬೇಕಾಗಿರೋದು ಅದರ ಪಕ್ಕದ್ದು, ಅಪ್‌ಲೋಡ್. ನಮ್ಮನೇಲಿ ಡೌನ್‌ಲೋಡ್ 4 ಎಂಬಿಪಿಎಸ್ ಬಂದ್ರೂ ಅಪ್‌ಲೋಡ್ 0.3 ಇರುತ್ತೆ. ಇನ್ನೊಂದು, ಅಲ್ಲಿ ತೋರಿಸೋದು ಮೆಗಾಬಿಟ್, ನಿಮ್ಮ ಫೈಲ್ ಇರೋದು ಮೆಗಾಬೈಟಲ್ಲಿ, 8 ಬಿಟ್ ಸೇರಿದ್ರೆ 1 ಬೈಟ್. ಹಾಗಾಗಿ 0.3 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 37 ಕೆಬಿ ಅಷ್ಟೆ. ಫೋನಿನ ಒಂದು ಫೋಟೋ 4 ಎಂಬಿ ಅಂದ್ಕೊಳ್ಳಿ, ಒಂದು ಹೋಗೋಕೆ ಹತ್ತಿರ ಹತ್ತಿರ ಎರಡು ನಿಮಿಷ. 60 ಫೋಟೋ ಅಂದ್ರೆ 240 ಎಂಬಿ, ಮುಕ್ಕಾಲು ಗಂಟೆ ಅಲ್ಲ, ಒಂದೂಮುಕ್ಕಾಲು ಗಂಟೆ, ಅದೂ ಒಂದು ಸಲಾನೂ ಕಟ್ ಆಗದೆ ಇದ್ರೆ. ನಮ್ಮ ಕಡೆ ಮಳೆಗಾಲದಲ್ಲಿ ಒಂದೂಮುಕ್ಕಾಲು ಗಂಟೆ ಕಟ್ ಆಗದೆ ಇರೋದು ಅಂದ್ರೆ ಅದೊಂದು ಹಬ್ಬ.

ಡೌನ್‌ಲೋಡ್ ಚೆನ್ನಾಗಿದ್ದು ಅಪ್‌ಲೋಡ್ ಯಾಕೆ ಹೀಗೆ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ಮೊಬೈಲ್ ನೆಟ್ ಆದ್ರೆ ಕಾರಣ ಸುಲಭ. ಟವರ್ ಹತ್ತಾರು ವ್ಯಾಟಲ್ಲಿ ಕೂಗುತ್ತೆ, ನಿಮಗೆ ಕೇಳಿಸುತ್ತೆ. ನಿಮ್ಮ ಫೋನು ವಾಪಸ್ ಕೂಗೋದು ಹೆಚ್ಚಂದ್ರೆ 0.2 ವ್ಯಾಟಲ್ಲಿ, ಬೆಟ್ಟದ ಆಚೆ ನಿಂತಿರೋ ಟವರಿಗೆ ಅದು ಪಿಸುಮಾತು. ಅದಕ್ಕೇ ರೀಲ್ಸ್ ಓಡುತ್ತೆ ಆದ್ರೆ ವಾಟ್ಸಾಪಲ್ಲಿ ಫೋಟೋ ಕಳಿಸಿದ್ರೆ ಗಡಿಯಾರ ಸುತ್ತುತ್ತಾ ಕೂತಿರುತ್ತೆ. ಹಳೇ ತಾಮ್ರದ ವೈರಿನ ಬ್ರಾಡ್‌ಬ್ಯಾಂಡ್ ಆದ್ರೆ ಕಥೆ ಬೇರೆ, ಎಡಿಎಸ್ಎಲ್ ಅನ್ನೋದನ್ನ ಮಾಡಿರೋದೇ ಹಾಗೆ, ಕೆಳಗೆ ಬರೋಕೆ ಅಗಲ ರಸ್ತೆ, ಮೇಲೆ ಹೋಗೋಕೆ ಕಾಲುದಾರಿ.

ಫೋನ್ ಎಲ್ಲಿಡೋದು ಅನ್ನೋದು ಸಣ್ಣ ವಿಷಯ ಅಲ್ಲ

ಗೆರೆ ಎಷ್ಟು ಅಂತ ನೋಡ್ಬೇಡಿ, ಗೆರೆ ಸುಳ್ಳು ಹೇಳುತ್ತೆ, ಒಂದೊಂದು ಕಂಪನಿ ಫೋನು ಒಂದೊಂದು ಥರ ತೋರಿಸುತ್ತೆ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಹಾಕಿ ಒಂದು ನಂಬರ್ ಇರುತ್ತೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 85 ಇದ್ರೆ ಆರಾಮ, 100 ಆಸುಪಾಸು ನಡೆಯುತ್ತೆ, 110 ದಾಟಿದ್ರೆ ಕಷ್ಟ, 120 ಅಂದ್ರೆ ಕೈ ಮುಗಿದು ಎದ್ದು ಬನ್ನಿ. ಆ ನಂಬರ್ ಓಪನ್ ಮಾಡ್ಕೊಂಡು ಮನೆ ಸುತ್ತ ನಿಧಾನಕ್ಕೆ ಓಡಾಡಿ, ಒಂದೊಂದು ಜಾಗದಲ್ಲಿ ಒಂದು ಅರ್ಧ ನಿಮಿಷ ನಿಲ್ಲಿ. ನಮ್ಮನೇಲಿ ಒಲೆ ಕೋಣೆ ಪಕ್ಕ ನಾನು ಕೂರ್ತಿದ್ದ ಜಾಗದಲ್ಲಿ ಮೈನಸ್ 116 ಬರ್ತಿತ್ತು, ಕಣದ ಆಚೆ ನೀರಿನ ಟ್ಯಾಂಕ್ ಮೇಲೆ 101. ಬರೀ 15 ವ್ಯತ್ಯಾಸ ಅಲ್ವಾ ಅನ್ಬೇಡಿ, ಈ ಲೆಕ್ಕದಲ್ಲಿ 3 ಹೆಚ್ಚಾದ್ರೆ ಶಕ್ತಿ ಡಬಲ್, 15 ಅಂದ್ರೆ 30 ಪಟ್ಟು. ಈಗ ಟ್ಯಾಂಕ್ ಪಕ್ಕದ ಕಂಬಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಅದರೊಳಗೆ ಹಳೇ ಫೋನ್ ಹಾಟ್‌ಸ್ಪಾಟ್ ಮಾಡಿ ಇಟ್ಟಿದೀನಿ, ನಾನು ಒಳಗೆ ಕೂತು ಕೆಲಸ ಮಾಡ್ತೀನಿ. ಫೋನು ಕೈಯಳತೆಯಲ್ಲೇ ಇದ್ರೆ ವೈಫೈ ಬದ್ಲು ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ, ಚಾರ್ಜೂ ಆಗುತ್ತೆ, ಬಿಸೀನೂ ಕಮ್ಮಿ.

ಮಳೆ ಬಂದಾಗ ಹಾಳಾಗೋದು ಮಳೆ ಹನಿಯಿಂದ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಮೊಬೈಲ್ ಸಿಗ್ನಲಿಗೆ ಮಳೆ ಹನಿ ಅಷ್ಟೇನೂ ಅಲ್ಲ, ಒದ್ದೆಯಾದ ಎಲೆಗಳು. ನಮ್ಮ ತೋಟದಲ್ಲಿ ನೆರಳಿಗೆ ಅಂತ ಅತ್ತಿ, ಹಲಸು, ಸಿಲ್ವರ್ ಓಕ್ ಎಲ್ಲ ಉಂಟಲ್ಲ, ಅದರ ಎಲೆ ನೆಂದ್ರೆ ಸಿಗ್ನಲ್ ಕುಡಿದುಬಿಡುತ್ತೆ. 2300 ಮೆಗಾಹರ್ಟ್ಸ್ ಥರ ಮೇಲಿನ ಬ್ಯಾಂಡ್ ಜಾಸ್ತಿ ಒದ್ದಾಡುತ್ತೆ, 850, 900 ಥರ ಕೆಳಗಿನ ಬ್ಯಾಂಡ್ ಮರ ತೂರಿಕೊಂಡು ಬರುತ್ತೆ. ಅದಕ್ಕೇ ಸಿಮ್ ತಗೊಳ್ಳೋ ಮುಂಚೆ ಪೇಟೇಲಿ ಯಾವುದು ಫಾಸ್ಟ್ ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ, ಪಕ್ಕದ ಮನೆಯವರದ್ದು ಮಳೇಲಿ ಯಾವುದು ಬರುತ್ತೆ ಅಂತ ಕೇಳಿ. ಕೊರೋನಾ ಟೈಮಲ್ಲಿ ಸೋಮವಾರಪೇಟೆ ಕಡೆ ಮುಳ್ಳೂರಿನ ಮೇಷ್ಟ್ರೊಬ್ರು ಮರದ ಮೇಲೆ ಅಟ್ಟಣಿಗೆ ಕಟ್ಕೊಂಡು ಅಲ್ಲಿಂದ ಆನ್‌ಲೈನ್ ಪಾಠ ಮಾಡಿದ್ದು ಪೇಪರಲ್ಲೆಲ್ಲ ಬಂದಿತ್ತಲ್ಲ, ನೋಡಿ ನಕ್ಕೋರು ಪೇಟೆಯವರು, ನಮಗೆ ಅನಿಸಿದ್ದು ಸರಿಯಾದ ಮರ ಹುಡುಕಿದಾರೆ ಅಂತ.

ಇನ್ನೊಂದು ಸಣ್ಣ ಕೆಲಸ, ಅಪ್‌ಲೋಡ್ ಶುರು ಮಾಡೋ ಮುಂಚೆ ಕದ್ದು ನೆಟ್ ತಿನ್ನೋರನ್ನೆಲ್ಲ ಆಚೆ ಹಾಕಿ. ವಿಂಡೋಸಲ್ಲಿ ಆ ವೈಫೈನ ಮೀಟರ್ಡ್ ಕನೆಕ್ಷನ್ ಅಂತ ಮಾಡಿದ್ರೆ ಅಪ್‌ಡೇಟ್ ಇಳಿಸೋದು ಹೆಚ್ಚುಕಮ್ಮಿ ನಿಲ್ಲುತ್ತೆ. ಒನ್‌ಡ್ರೈವ್ ನಿಲ್ಲಿಸಿ. ಮನೇಲಿ ಯಾರದ್ದಾದ್ರೂ ಫೋನ್ ಗೂಗಲ್ ಫೋಟೋಸ್ ಬ್ಯಾಕಪ್ ಮಾಡ್ತಾ ಇದ್ರೆ ನಿಮ್ಮ 37 ಕೆಬಿಯಲ್ಲಿ ಅದು ಪಾಲು ಕೇಳುತ್ತೆ, ನನ್ನ ವಿಷಯದಲ್ಲಿ ಕಳ್ಳ ಚಿಕ್ಕಮ್ಮನ ಫೋನೇ ಆಗಿತ್ತು, ಮದುವೆ ವಿಡಿಯೋ ಮೂರು ದಿನದಿಂದ ಹತ್ತುತ್ತಾ ಇತ್ತು ಪಾಪ.

ಫೋಟೋ ಸಣ್ಣ ಮಾಡೋದು, ಇದೊಂದು ಮಾಡಿದ್ರೆ ಮುಕ್ಕಾಲು ಕೆಲಸ ಮುಗೀತು

ಫೋನಿನ ಫೋಟೋ 4000 ಪಿಕ್ಸೆಲ್ ಅಗಲ ಇರುತ್ತೆ. ಸೈಟ್ ನೋಡೋರ ಫೋನಲ್ಲಿ ಅದರ ಅರ್ಧ ಅಗಲಾನೂ ಬೇಕಾಗಲ್ಲ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕ್ವಾಲಿಟಿ 75 ಇಟ್ಟು ಸೇವ್ ಮಾಡಿ, 4 ಎಂಬಿ ಇದ್ದಿದ್ದು 250 ಕೆಬಿ ಆಸುಪಾಸಿಗೆ ಬರುತ್ತೆ. ನನ್ನ 60 ಫೋಟೋ 240 ಎಂಬಿಯಿಂದ 15 ಎಂಬಿಗೆ ಇಳೀತು. ಒಂದೂಮುಕ್ಕಾಲು ಗಂಟೆ ಹಿಡೀತಿದ್ದದ್ದು 7 ನಿಮಿಷದೊಳಗೆ. ಅಕ್ಕಿ ರೊಟ್ಟಿ ನಾಲ್ಕು ಸುಡೋ ಟೈಮು. ಮೊದಲನೇ ಸಲ ಇದು ಗೊತ್ತಿದ್ದಿದ್ರೆ ಮರ ಬೀಳೋ ಮುಂಚೆ ಮುಗಿದಿರ್ತಿತ್ತು.

ವೆಬ್‌ಪಿ ಅನ್ನೋ ಫಾರ್ಮ್ಯಾಟಿಗೆ ಹಾಕಿದ್ರೆ ಜೆಪೆಗ್‌ಗಿಂತ ಇನ್ನೂ ಕಾಲು ಭಾಗದಷ್ಟು ಕಮ್ಮಿ ಆಗುತ್ತೆ, ಈಗಿನ ಎಲ್ಲ ಬ್ರೌಸರಲ್ಲೂ ಓಪನ್ ಆಗುತ್ತೆ. ಸ್ಕ್ವೂಶ್ ಅಂತ ಒಂದು ಟೂಲ್ ಉಂಟು, ಬ್ರೌಸರಲ್ಲೇ ಓಡೋದು, ಇದರ ಚೆಂದ ಏನಂದ್ರೆ ಫೋಟೋ ಎಲ್ಲಿಗೂ ಅಪ್‌ಲೋಡ್ ಆಗಲ್ಲ, ನಿಮ್ಮ ಕಂಪ್ಯೂಟರಲ್ಲೇ ಕೆಲಸ ನಡೆಯುತ್ತೆ, ಒಂದು ಸಲ ಪೇಜ್ ಲೋಡ್ ಆದ್ಮೇಲೆ ನೆಟ್ ಹೋದ್ರೂ ನಡೆಯುತ್ತೆ. ಆನ್‌ಲೈನ್ ಇಮೇಜ್ ಕಂಪ್ರೆಸರ್ ಅಂತ ಹುಡುಕಿದ್ರೆ ಬರೋ ಬೇರೆ ತುಂಬಾ ಸೈಟ್‌ಗಳು ಮೊದ್ಲು ನಿಮ್ಮ 4 ಎಂಬಿ ಫೋಟೋನ ಅವರ ಸರ್ವರಿಗೆ ಏರಿಸ್ಕೊಳ್ತವೆ, ಆಮೇಲೆ ಸಣ್ಣ ಮಾಡಿ ಕೊಡ್ತವೆ. ಬಾವಿಗೆ ನೀರು ಹೊತ್ತು ಹಾಕಿ ಅದೇ ನೀರು ಸೇದಿದ ಹಾಗೆ. ಫೋಟೋ ನೂರಾರು ಇದ್ರೆ ಇಮೇಜ್‌ಮ್ಯಾಜಿಕ್ ಹಾಕ್ಕೊಳ್ಳಿ, ಒಂದೇ ಕಮ್ಯಾಂಡಲ್ಲಿ ಇಡೀ ಫೋಲ್ಡರ್ ಸಣ್ಣ ಮಾಡುತ್ತೆ, ಆದ್ರೆ ಅದರ ಮೊಗ್ರಿಫೈ ಅನ್ನೋ ಕಮ್ಯಾಂಡ್ ಒರಿಜಿನಲ್ ಮೇಲೇ ಬರೆದುಬಿಡುತ್ತೆ, ಕಾಪಿ ಮಾಡ್ಕೊಂಡು ಅದರ ಮೇಲೆ ಓಡಿಸಿ. ಹೂ ಬಿಟ್ಟ ಕಾಫಿ ತೋಟದ ಫೋಟೋ ವರ್ಷಕ್ಕೆ ಒಂದು ವಾರ ಸಿಗೋದು, ಮಾರ್ಚ್ ಏಪ್ರಿಲಲ್ಲಿ ಮಳೆ ಬಿದ್ದು ಒಂದು ಹತ್ತು ದಿನದಲ್ಲಿ ಬಿಳಿ ಹಾಸಿದ ಹಾಗೆ ಅರಳುತ್ತೆ, ಅದನ್ನ ಕಳ್ಕೊಂಡ್ರೆ ಮುಂದಿನ ವರ್ಷ ತನಕ ಕಾಯ್ಬೇಕು.

ವರ್ಡ್‌ಪ್ರೆಸ್ ತಾನೇ ಸಣ್ಣ ಮಾಡುತ್ತಲ್ಲ ಅಂತ ಕೆಲವರು ಹೇಳ್ತಾರೆ. ಹೌದು, 2019ರಲ್ಲಿ ಬಂದ 5.3 ವರ್ಶನ್‌ನಿಂದ 2560 ಪಿಕ್ಸೆಲ್‌ಗಿಂತ ದೊಡ್ಡ ಫೋಟೋನ ಅದೇ ಇಳಿಸ್ಕೊಳ್ಳುತ್ತೆ, ಆದ್ರೆ ಯಾವಾಗ? ಸರ್ವರಿಗೆ ಹೋಗಿ ಸೇರಿದ್ಮೇಲೆ. ನಮ್ಮ ಬೆವರು ಇಳಿಯೋದು ಹೋಗಿ ಸೇರೋ ತನಕ.

ವಿಡಿಯೋ ನಿಮ್ಮ ಸೈಟಲ್ಲಿ ಇಡೋಕೇ ಹೋಗ್ಬೇಡಿ. ಯೂಟ್ಯೂಬಿಗೆ ಹಾಕಿ ಅದರ ಲಿಂಕ್ ಕೊಡಿ, ಅಲ್ಲಿಗೆ ಏರಿಸೋದೂ ಪೇಟೆಗೆ ಹೋದಾಗ ಮಾಡಿ.

ಬರಹದ ಬಗ್ಗೆ ಮಾತ್ರ ಚಿಂತೆ ಬೇಡ. ಕನ್ನಡದಲ್ಲಿ ಒಂದೊಂದು ಅಕ್ಷರ, ಗುಣಿತ, ಒತ್ತು ಎಲ್ಲ 3 ಬೈಟ್ ತಗೊಳ್ಳುತ್ತೆ, ಇಂಗ್ಲಿಷಲ್ಲಿ 1, ಆದ್ರೂ ಇಷ್ಟುದ್ದ ಬರೆದಿರೋದು ಪೂರ್ತಿ ಸೇರಿದ್ರೂ ಒಂದು ಸಣ್ಣ ಫೋಟೋದಷ್ಟು ಆಗಲ್ಲ. ಅಪ್‌ಲೋಡಲ್ಲಿ ಭಾರ ಆಗೋದು ಯಾವತ್ತೂ ಚಿತ್ರ, ಆಮೇಲೆ ಥೀಮು, ಫಾಂಟು.

ಕಳಿಸೋದೇ ಬೇಡ ಅನ್ನೋ ದಾರಿ

ನಾನು ಮಾಡಿದ ಎರಡನೇ ದಡ್ಡತನ, ವರ್ಡ್‌ಪ್ರೆಸನ್ನೇ ಲ್ಯಾಪ್‌ಟಾಪಿಂದ ಮೇಲೆ ಕಳಿಸಿದ್ದು. ಅದರ ಜಿಪ್ 25 ಎಂಬಿ ಆಸುಪಾಸು ಇರುತ್ತೆ, ಬಿಚ್ಚಿದ್ರೆ ಒಳಗೆ 3 ಸಾವಿರಕ್ಕೂ ಹೆಚ್ಚು ಫೈಲು. ಎಫ್‌ಟಿಪಿಯಲ್ಲಿ, ಅಂದ್ರೆ ಸರ್ವರಿಗೆ ಫೈಲ್ ಕಳಿಸೋ ಹಳೇ ವಿಧಾನದಲ್ಲಿ, ಪ್ರತಿ ಫೈಲಿಗೂ ಸರ್ವರ್ ಹತ್ರ ಹೋಗಿ ಕೇಳಿ, ಒಪ್ಪಿಸಿ, ವಾಪಸ್ ಬಂದು ಹೇಳ್ಬೇಕು, ಫೈಲ್ ಎಷ್ಟೇ ಸಣ್ಣದಿದ್ರೂ. ನೆಟ್ ಎಳೆದಾಡ್ತಾ ಇರೋ ಜಾಗದಲ್ಲಿ ಈ ಓಡಾಟಕ್ಕೇ ಅರ್ಧ ರಾತ್ರಿ ಹೋಗುತ್ತೆ. ಆದ್ರೆ ಆ ಫೈಲುಗಳೆಲ್ಲ ಇಂಟರ್ನೆಟ್ಟಲ್ಲೇ ಇವೆ ಅಲ್ವಾ, ನಾವು ಅದನ್ನ ಕಕ್ಕಬ್ಬೆಗೆ ಇಳಿಸಿ ಮತ್ತೆ ಕಕ್ಕಬ್ಬೆಯಿಂದ ಮೇಲೆ ಹೊರೋದು ಯಾಕೆ. ಹೋಸ್ಟಿಂಗ್, ಅಂದ್ರೆ ನಿಮಗೆ ಸರ್ವರಲ್ಲಿ ಜಾಗ ಕೊಡೋ ಕಂಪನಿಯ ಕಂಟ್ರೋಲ್ ಪ್ಯಾನಲಲ್ಲಿ ಒಂದು ಕ್ಲಿಕ್ ಇನ್‌ಸ್ಟಾಲರ್ ಇರುತ್ತೆ, ಅದನ್ನ ಒತ್ತಿ, ಸರ್ವರ್ ತಾನೇ ಎಳ್ಕೊಳ್ಳುತ್ತೆ. ಥೀಮು ಪ್ಲಗಿನ್ನೂ ಅಷ್ಟೆ, ಡ್ಯಾಶ್‌ಬೋರ್ಡ್ ಒಳಗಿಂದಲೇ ಹುಡುಕಿ ಇನ್‌ಸ್ಟಾಲ್ ಮಾಡಿ, ಜಿಪ್ ಇಳಿಸಿ ಏರಿಸ್ಬೇಡಿ. ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರಲ್ಲಿ ಕಮ್ಯಾಂಡ್ ಕೊಡೋ ದಾರಿ) ಸಿಕ್ಕಿದ್ರೆ ಇನ್ನೂ ರಾಜಯೋಗ, ಸರ್ವರ್ ಒಳಗೆ ಹೋಗಿ ಡಬ್ಲ್ಯುಗೆಟ್ ಅನ್ನೋ ಫೈಲ್ ಇಳಿಸೋ ಕಮ್ಯಾಂಡ್ ಹೊಡೆದ್ರೆ ನಮಗೆ ಒಂದು ಗಂಟೆ ಆಗೋದು ಅಲ್ಲಿ ಎರಡು ಸೆಕೆಂಡಲ್ಲಿ ಬರುತ್ತೆ.

ಎಸ್‌ಎಸ್‌ಎಚ್ ಉಪಯೋಗಿಸೋರು ಒಳಗೆ ಹೋದ ತಕ್ಷಣ ಟೀಮಕ್ಸ್ ಶುರು ಮಾಡೋ ಅಭ್ಯಾಸ ಮಾಡ್ಕೊಳ್ಳಿ. ನಿಮ್ಮ ಕಡೆ ಕಟ್ ಆದ್ರೂ ಸರ್ವರಲ್ಲಿ ಕೆಲಸ ನಡೀತಾ ಇರುತ್ತೆ, ಕರೆಂಟ್ ಬಂದ್ಮೇಲೆ ಹೋಗಿ ಅಟ್ಯಾಚ್ ಅಂದ್ರೆ ಬಿಟ್ಟಲ್ಲೇ ಸಿಗುತ್ತೆ. ಟೈಪ್ ಮಾಡಿದ ಅಕ್ಷರ ಮೂರು ಸೆಕೆಂಡ್ ಆದ್ಮೇಲೆ ಕಾಣಿಸೋ ಹಿಂಸೆ ಇದ್ರೆ ಮಾಶ್ ಅಂತ ಒಂದುಂಟು, ಅದು ಸಿಗ್ನಲ್ ಹೋಗಿ ಬಂದ್ರೂ ಹಿಡ್ಕೊಂಡೇ ಇರುತ್ತೆ, ಆದ್ರೆ ಸರ್ವರಲ್ಲೂ ಹಾಕಿರ್ಬೇಕು.

ಇನ್ನು ನಿಜವಾದ ಬದಲಾವಣೆ ತಂದಿದ್ದು ಅಂದ್ರೆ ಜೇನಿನ ಸೈಟ್ ನಾನು ವರ್ಡ್‌ಪ್ರೆಸ್ ಬಿಟ್ಟು ಹ್ಯೂಗೋ ಅನ್ನೋ ಸೈಟ್ ಕಟ್ಟೋ ಟೂಲಿಗೆ ಹಾಕಿದ್ದು. ಇಲ್ಲಿ ಪೇಜು ಬರೆಯೋದು ಬರೀ ಟೆಕ್ಸ್ಟ್ ಫೈಲಲ್ಲಿ. ಲ್ಯಾಪ್‌ಟಾಪಲ್ಲೇ ಸೈಟ್ ಪೂರ್ತಿ ಓಡಿಸಿ ನೋಡ್ಬಹುದು, ನೆಟ್ ಬೇಡವೇ ಬೇಡ, ಸರಿ ಅನ್ನಿಸಿದ್ಮೇಲೆ ಆ ಟೆಕ್ಸ್ಟ್ ಫೈಲಷ್ಟೇ ಗಿಟ್ (ಫೈಲ್ ಬದಲಾವಣೆ ನೆನಪಿಡೋ ಪ್ರೋಗ್ರಾಮ್) ಮೂಲಕ ಗಿಟ್‌ಹಬ್ ಅನ್ನೋ ಸೈಟಿಗೆ ತಳ್ಳೋದು, ಅಲ್ಲಿ ಅವರ ಮಷಿನ್ನೇ ಇಡೀ ಸೈಟ್ ಕಟ್ಟಿ ಪೇಜಸ್ ಅನ್ನೋ ಅವರ ಸೇವೆಯಲ್ಲಿ ಪಬ್ಲಿಶ್ ಮಾಡುತ್ತೆ. ಅಡುಗೆ ಹೊತ್ಕೊಂಡು ಹೋಗೋದು ಬಿಟ್ಟು ಚೀಟಿ ಕಳಿಸಿದ ಹಾಗೆ. ಮೆಣಸಿನ ರೇಟ್ ಬದಲಾಯಿಸಿದ್ರೆ ಮೇಲೆ ಹೋಗೋದು ಒಂದೆರಡು ಕೆಬಿ. ರೆಪೋ, ಅಂದ್ರೆ ಅಲ್ಲಿನ ನಿಮ್ಮ ಫೋಲ್ಡರ್, ಪಬ್ಲಿಕ್ ಆದ್ರೆ ದುಡ್ಡಿಲ್ಲ, ಸೈಟ್ 1 ಜಿಬಿ ಒಳಗಿರ್ಬೇಕು, ಒಂದೊಂದು ಫೈಲ್ 100 ಎಂಬಿ ದಾಟ್ಬಾರ್ದು, ನಮಗೆ ಅದರ ಹತ್ತಿರಾನೂ ಬರಲ್ಲ. ದೊಡ್ಡ ಮಟ್ಟದ ಅಂಗಡಿ ನಡೆಸೋಕೆ ಪೇಜಸ್ ಇರೋದಲ್ಲ, ನಮ್ಮದು ಮಾಹಿತಿ ಹಾಕಿ ಫೋನ್ ಮಾಡಿ ಅನ್ನೋ ಸೈಟು, ಅದಕ್ಕೆ ಸಾಕು.

ಗಿಟ್ಟಲ್ಲಿ ಒಂದು ಹುಳುಕು ಉಂಟು, ಯಾರೂ ಮೊದ್ಲೇ ಹೇಳಲ್ಲ. ಪುಶ್ ಮಾಡ್ತಾ, ಅಂದ್ರೆ ಮೇಲೆ ತಳ್ತಾ, ಮಧ್ಯದಲ್ಲಿ ಕಟ್ ಆದ್ರೆ ಅಲ್ಲಿಂದ ಮುಂದುವರಿಯಲ್ಲ, ಮತ್ತೆ ಮೊದಲಿಂದ. 60 ಫೋಟೋ ಒಂದೇ ಕಮಿಟ್ಟಲ್ಲಿ (ಒಂದೇ ಸಲ ದಾಖಲಿಸೋ ಗಂಟಲ್ಲಿ) ಹಾಕಿದ್ರೆ ಮತ್ತೆ ಅದೇ ಹಳೇ ಗತಿ. ಐದೈದು ಫೋಟೋಗೆ ಒಂದು ಕಮಿಟ್, ಒಂದು ಪುಶ್, ಹಾಗೆ ಕಂತಿನಲ್ಲಿ ತಳ್ಳಿ. ಮತ್ತೆ, ಫೋಟೋ ಸಣ್ಣ ಮಾಡೋ ಮುಂಚೆ ಕಮಿಟ್ ಮಾಡ್ಬಿಟ್ರೆ ಆಮೇಲೆ ಡಿಲೀಟ್ ಮಾಡಿದ್ರೂ ಹಿಸ್ಟರಿಯಲ್ಲಿ ಆ ದಪ್ಪ ಫೈಲ್ ಕೂತಿರುತ್ತೆ, ಪುಶ್ ಮಾಡೋವಾಗ ಅದೂ ಜೊತೆಗೆ ಹೊರಡುತ್ತೆ.

ಕಳಿಸಲೇ ಬೇಕು ಅಂದ್ರೆ

ಸಾಧಾರಣ ಹೋಸ್ಟಿಂಗ್, ಎಫ್‌ಟಿಪಿ ಒಂದೇ ಗತಿ ಅನ್ನೋರಿಗೆ. ಎಲ್ಲ ಸೇರಿಸಿ ಒಂದು ಜಿಪ್ ಮಾಡಿ. ಕಂಟ್ರೋಲ್ ಪ್ಯಾನಲಿನ ಫೈಲ್ ಮ್ಯಾನೇಜರಲ್ಲಿ ಬ್ರೌಸರಿಂದ ಏರಿಸೋಕೆ ಹೋಗ್ಬೇಡಿ, ಕಟ್ ಆದ್ರೆ ಸೊನ್ನೆಯಿಂದ ಶುರು. ಫೈಲ್‌ಝಿಲ್ಲಾ ಅನ್ನೋ ಎಫ್‌ಟಿಪಿ ಪ್ರೋಗ್ರಾಮಲ್ಲಿ ಏರಿಸಿ, ಕಟ್ ಆದ್ರೆ ಮತ್ತೆ ಕನೆಕ್ಟ್ ಆಗಿ ಅದೇ ಫೈಲ್ ಕಳಿಸಿದಾಗ ಏನ್ ಮಾಡ್ಲಿ ಅಂತ ಕೇಳುತ್ತೆ, ರೆಸ್ಯೂಮ್ ಅನ್ನಿ, ಬಿಟ್ಟಲ್ಲಿಂದ ಹೋಗುತ್ತೆ. ಪೂರ್ತಿ ಹೋದ್ಮೇಲೆ ಫೈಲ್ ಮ್ಯಾನೇಜರಲ್ಲಿ ಎಕ್ಸ್‌ಟ್ರ್ಯಾಕ್ಟ್ ಒತ್ತಿದ್ರೆ ಸರ್ವರ್ ಒಳಗೇ ಬಿಚ್ಕೊಳ್ಳುತ್ತೆ. ಫೈಲ್‌ಝಿಲ್ಲಾದ ಸೆಟ್ಟಿಂಗ್ಸಲ್ಲಿ ಟೈಮೌಟ್, ಅಂದ್ರೆ ಉತ್ತರಕ್ಕೆ ಕಾಯೋ ಸಮಯ, 20 ಸೆಕೆಂಡ್ ಇರುತ್ತೆ, ನಮ್ಮ ನೆಟ್ ಉಸಿರು ತಗೊಳ್ಳೋಕೇ ಅಷ್ಟು ಬೇಕು, 120 ಮಾಡಿ. ಒಟ್ಟೊಟ್ಟಿಗೆ ಎರಡು ಟ್ರಾನ್ಸ್‌ಫರ್ ಅಂತ ಇರೋದನ್ನ 1 ಮಾಡಿ, ಎರಡು ಅರ್ಧಂಬರ್ಧ ಫೈಲ್‌ಗಿಂತ ಒಂದು ಪೂರ್ತಿ ಫೈಲ್ ವಾಸಿ. ರೆಸ್ಯೂಮ್ ಮಾತ್ರ ಹುಷಾರು: ಮಧ್ಯದಲ್ಲಿ ಜಿಪ್ ಬದಲಾಯಿಸಿ ಅದೇ ಹೆಸರಲ್ಲಿ ರೆಸ್ಯೂಮ್ ಕೊಟ್ರೆ ಹಳೇದರ ತಲೆಗೆ ಹೊಸದರ ಬಾಲ ಅಂಟ್ಕೊಳ್ಳುತ್ತೆ, ಜಿಪ್ ಓಪನ್ನೇ ಆಗಲ್ಲ. ಬದಲಾಯಿಸಿದ್ರೆ ಹೆಸರೂ ಬದಲಾಯಿಸಿ.

ಎಸ್‌ಎಸ್‌ಎಚ್ ಇದ್ರೆ ಇದೆಲ್ಲ ಬಿಟ್ಟು ಆರ್‌ಸಿಂಕ್ ಹಿಡೀರಿ. 1996ರಿಂದ ಇರೋ ಪ್ರೋಗ್ರಾಮು, ನಿಧಾನ ನೆಟ್ಟಿಗೆ ಅಂತಲೇ ಹುಟ್ಟಿದ್ದೇನೋ ಅನ್ಸುತ್ತೆ. ಎರಡೂ ಕಡೆ ಹೋಲಿಸಿ ಬದಲಾಗಿರೋ ಫೈಲ್ ಮಾತ್ರ, ಆ ಫೈಲಲ್ಲೂ ಬದಲಾಗಿರೋ ತುಂಡು ಮಾತ್ರ ಕಳಿಸುತ್ತೆ. ವಿಂಡೋಸಲ್ಲಿ ಡಬ್ಲ್ಯುಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋದು) ಹಾಕ್ಕೊಂಡ್ರೆ ಸಿಗುತ್ತೆ. ಪಾರ್ಷಿಯಲ್ ಅನ್ನೋ ಆಪ್ಷನ್ ಮರೀಬೇಡಿ, ಅದಿಲ್ಲದಿದ್ರೆ ಅರ್ಧ ಹೋದ ಫೈಲನ್ನ ಅಳಿಸಿಬಿಡುತ್ತೆ. ಮೊದ್ಲು ಡ್ರೈ ರನ್ ಕೊಟ್ಟು ನೋಡಿ, ಏನೇನು ಕಳಿಸ್ತೀನಿ ಅಂತ ಪಟ್ಟಿ ತೋರಿಸುತ್ತೆ, ಕಳಿಸಲ್ಲ. ಡಿಲೀಟ್ ಆಪ್ಷನ್ (ನಿಮ್ಮ ಕಡೆ ಇಲ್ಲದ ಫೈಲನ್ನ ಸರ್ವರಲ್ಲೂ ಅಳಿಸೋದು) ಹಾಕೋರು ಡ್ರೈ ರನ್ ಮಾಡದೆ ಎಂಟರ್ ಒತ್ತಿದ್ರೆ ನಾನು ಜವಾಬ್ದಾರ ಅಲ್ಲ. ಹ್ಯೂಗೋ ಥರದ್ದು ಉಪಯೋಗಿಸೋರಿಗೆ ಒಂದು ಸೂಕ್ಷ್ಮ, ಪ್ರತಿ ಸಲ ಬಿಲ್ಡ್ ಮಾಡಿದಾಗ ಎಲ್ಲ ಫೈಲಿನ ಟೈಮೂ ಹೊಸದಾಗುತ್ತೆ, ಆರ್‌ಸಿಂಕ್ ಟೈಮ್ ನೋಡಿ ಎಲ್ಲ ಬದಲಾಗಿದೆ ಅಂದ್ಕೊಳ್ಳುತ್ತೆ, ಚೆಕ್‌ಸಮ್ ಆಪ್ಷನ್ ಕೊಟ್ರೆ ಒಳಗಿನದ್ದು ನೋಡಿ ನಿರ್ಧಾರ ಮಾಡುತ್ತೆ.

ಈಗ ನನಗೆ ಅವಮಾನ ಆಗಿದ್ದೊಂದು ಹೇಳ್ತೀನಿ. ಹೋಂಸ್ಟೇ ಸೈಟಿಗೆ ಹೊಸ ಡಿಸೈನ್ ಮಾಡಿ, ಹುತ್ತರಿ ಸುಗ್ಗಿ ಹಬ್ಬದ ಸೀಸನ್ನಿಗೆ ಮುಂಚೆ, ನಡೀತಿರೋ ಸೈಟಿನ ಮೇಲೇ ಏರಿಸ್ತಾ ಇದ್ದೆ. ಹೊಸ ಪೇಜು ಹೋಯ್ತು, ಅದಕ್ಕೆ ಬೇಕಾದ ಸಿಎಸ್ಎಸ್ (ಪೇಜಿನ ಬಣ್ಣ, ಜೋಡಣೆ ಹೇಳೋ ಫೈಲ್) ಹೋಗೋ ಅಷ್ಟರಲ್ಲಿ ನೆಟ್ ಹೋಯ್ತು. ಎರಡು ದಿನ ಸೈಟು ಬಟ್ಟೆ ಇಲ್ಲದೆ ನಿಂತಿತ್ತು, ನೀಲಿ ಲಿಂಕು, ಒಂದರ ಕೆಳಗೊಂದು ದಪ್ಪ ಫೋಟೋ. ಬೆಂಗಳೂರಿಂದ ಒಬ್ರು ಫೋನ್ ಮಾಡಿ ಚಿಕ್ಕಮ್ಮನ ಹತ್ರ ನೀವು ಹೋಂಸ್ಟೇ ಮುಚ್ಚಿಬಿಟ್ರಾ ಅಂತ ಕೇಳಿದ್ರು. ಅವತ್ತಿಂದ ನಡೀತಿರೋ ಫೋಲ್ಡರನ್ನ ಮುಟ್ಟೋದೇ ಇಲ್ಲ. ಪಕ್ಕದಲ್ಲಿ ಹೊಸದು ಅಂತ ಇನ್ನೊಂದು ಫೋಲ್ಡರ್ ಮಾಡಿ ಎಲ್ಲ ಅದಕ್ಕೆ ಏರಿಸ್ತೀನಿ, ಮೂರು ದಿನ ಆಗ್ಲಿ, ಪೂರ್ತಿ ಹೋಗಿದೆ ಅಂತ ನೋಡ್ಕೊಂಡು, ಕೊನೇಲಿ ಹಳೇ ಫೋಲ್ಡರಿಗೆ ಬೇರೆ ಹೆಸರು, ಹೊಸದಕ್ಕೆ ಅದರ ಹೆಸರು. ಹೆಸರು ಬದಲಾಯಿಸೋಕೆ ಒಂದು ಸೆಕೆಂಡ್, ಅಷ್ಟು ನೆಟ್ ಯಾವ ಮಳೇಲೂ ಸಿಗುತ್ತೆ. ಎಡವಟ್ಟಾದ್ರೆ ಹಳೇದನ್ನ ವಾಪಸ್ ತರೋಕೂ ಒಂದೇ ಸೆಕೆಂಡ್. ವರ್ಡ್‌ಪ್ರೆಸ್ಸಲ್ಲಿ ಡಿಸೈನ್ ಬದಲಾಯಿಸೋದಾದ್ರೆ ಇಡೀ ಸೈಟ್ ಅಲ್ಲ, ಥೀಮ್ ಫೋಲ್ಡರ್ ಒಂದನ್ನೇ ಹೊಸ ಹೆಸರಲ್ಲಿ ಏರಿಸಿ ಕೊನೆಗೆ ಆಕ್ಟಿವೇಟ್ ಒತ್ತಿ, ಡೇಟಾಬೇಸ್ ಮುಟ್ಬೇಡಿ.

ಬಸ್ಸು

ನಗ್ಬೇಡಿ, ಲೆಕ್ಕ ನೋಡಿ. 0.3 ಎಂಬಿಪಿಎಸಲ್ಲಿ 1 ಜಿಬಿ ಹೋಗೋಕೆ 7 ಗಂಟೆ ಮೇಲೆ ಬೇಕು, ಕಟ್ ಆಗದೆ ಇದ್ರೆ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್ ಆಸುಪಾಸು, ನಮ್ಮೂರಿಂದ ನಾಪೋಕ್ಲು ಮೇಲೆ ಮಡಿಕೇರಿಗೆ ಇಳಿದು ಅಲ್ಲಿಂದ ಬಸ್ ಹತ್ತಿದ್ರೂ ಮಧ್ಯಾಹ್ನದ ಊಟಕ್ಕೆ ಮೈಸೂರು. ಪೆನ್‌ಡ್ರೈವ್ ಜೇಬಲ್ಲಿ. ಮೈಸೂರು ತನಕಾನೂ ಬೇಡ, ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಫೈಬರ್ ಇರೋ ನೆಂಟರು ಇಲ್ಲದ ಕೊಡಗಿನವರು ಯಾರಿದ್ದೀರಿ? ಮೊದಲ ಸಲದ ದೊಡ್ಡ ಅಪ್‌ಲೋಡ್ ಹೀಗೆ ಮುಗಿಸಿಬಿಡಿ, ಸಣ್ಣ ಪುಟ್ಟ ಬದಲಾವಣೆ ಮನೆಯಿಂದ. ಹೋಗೋ ಮುಂಚೆ ಮಾತ್ರ ಸೈಟನ್ನ ಲ್ಯಾಪ್‌ಟಾಪಲ್ಲೇ ಓಡಿಸಿ ಪ್ರತಿ ಲಿಂಕೂ ಒತ್ತಿ ನೋಡಿ. ಪಾಸ್‌ವರ್ಡು ಬರ್ಕೊಂಡು ಹೋಗಿ. ಲಾಗಿನ್ ಮಾಡೋವಾಗ ಓಟಿಪಿ ಯಾವ ಸಿಮ್ಮಿಗೆ ಬರುತ್ತೆ ಅಂತ ನೋಡ್ಕೊಳ್ಳಿ, ನಂದು ಟ್ಯಾಂಕ್ ಮೇಲಿನ ಡಬ್ಬಿಯೊಳಗಿನ ಫೋನಿಗೆ ಬಂದಿತ್ತು, ನಾನು ಮಡಿಕೇರೀಲಿ.

ಮನೆಯಿಂದಲೇ ಕಳಿಸೋರು ಬೆಳಿಗ್ಗೆ 4ರಿಂದ 6ರ ಒಳಗೆ ಕಳಿಸಿ, ಟವರ್ ಹಂಚ್ಕೊಳ್ಳೋರು ಮಲಗಿರ್ತಾರೆ. ರೂಟರ್ ಇದ್ರೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕ್ಸಿ, ಅಂಗೈ ಅಗಲ ಇರುತ್ತೆ, ಕರೆಂಟ್ ಕಣ್ಣು ಮಿಟುಕಿಸಿದಾಗೆಲ್ಲ ರೂಟರ್ ಸತ್ತು ಹುಟ್ಟೋದು ತಪ್ಪುತ್ತೆ. ಪೇಟೆ ಕಡೆ ನೆಟ್ ಕಂಪನಿಯ ಮಷಿನ್ನಿಗೂ ಕರೆಂಟ್ ಹೋದ್ರೆ ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.

ಡೊಮೇನ್, ಅಂದ್ರೆ ಸೈಟಿನ ಹೆಸರು, ಹೊಸ ಸರ್ವರಿಗೆ ತಿರುಗಿಸೋದಾದ್ರೆ ಡಿಎನ್ಎಸ್‌ನ (ಹೆಸರಿಗೆ ಸರ್ವರ್ ವಿಳಾಸ ಹೇಳೋ ವ್ಯವಸ್ಥೆ) ಟಿಟಿಎಲ್, ಅಂದ್ರೆ ಹಳೇ ವಿಳಾಸ ನೆನಪಿಡೋ ಸಮಯ, ಒಂದು ದಿನ ಮುಂಚೆನೇ 300 ಸೆಕೆಂಡಿಗೆ ಇಳಿಸಿ. ಆ ವಿಳಾಸ ಹೇಳೋ ನೇಮ್‌ಸರ್ವರೇ ಬದಲಾಯಿಸಿದ್ರೆ ಒಂದೆರಡು ದಿನ ಕೆಲವರಿಗೆ ಹಳೇದು ಕೆಲವರಿಗೆ ಹೊಸದು ಕಾಣುತ್ತೆ, ಅದು ನಿಮ್ಮ ನೆಟ್ ತಪ್ಪಲ್ಲ, ಗಾಬರಿಯಾಗಿ ಮತ್ತೆ ಮತ್ತೆ ಬದಲಾಯಿಸ್ಬೇಡಿ. ಹೋಗಿದ್ಯಾ ಇಲ್ವಾ ಅಂತ ನೋಡೋಕೆ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ಓಪನ್ ಮಾಡಿ, ಇಲ್ಲಾಂದ್ರೆ ಬ್ರೌಸರ್ ಉಳಿಸಿಟ್ಟ ಹಳೇ ಕಾಪಿ (ಕ್ಯಾಶ್) ನೋಡ್ಕೊಂಡು ಏನೂ ಆಗಿಲ್ಲ ಅಂತ ಕೂತಿರ್ತೀರಿ.

ಕೊನೇದು, ಸೈಟ್ ಮೇಲೆ ಹೋದ್ಮೇಲೆ ಕ್ರೋಮಿನ ಡೆವಲಪರ್ ಟೂಲ್ಸಲ್ಲಿ ನೆಟ್‌ವರ್ಕ್ ಅಂತ ಇರುತ್ತೆ, ಅಲ್ಲಿ ಥ್ರಾಟ್ಲಿಂಗ್, ಅಂದ್ರೆ ಬೇಕಂತಲೇ ನೆಟ್ ನಿಧಾನ ಮಾಡೋದು, 3ಜಿಗೆ ಇಟ್ಟು ನಿಮ್ಮ ಸೈಟ್ ಓಪನ್ ಮಾಡಿ ನೋಡಿ. ಯಾಕಂದ್ರೆ ಹೋಂಸ್ಟೇಗೆ ಬರೋರು ಬುಕ್ ಮಾಡೋವಾಗ ಬೆಂಗಳೂರಿನ ಫೈಬರಲ್ಲಿ ಇರ್ತಾರೆ ನಿಜ, ದಾರಿ ತಪ್ಪೋವಾಗ ಇರೋದು ಕಕ್ಕಬ್ಬೆ ತಿರುವಲ್ಲಿ, ನಮ್ಮದೇ ಒಂದು ಗೆರೆ ಸಿಗ್ನಲಲ್ಲಿ. ನಮ್ಮ ಸೈಟಲ್ಲಿ ದಾರಿ, ಫೋನ್ ನಂಬರ್ ಎಲ್ಲ ಮೊದ್ಲು ಒಂದು ಚೆಂದದ ಪೋಸ್ಟರ್ ಥರದ ಚಿತ್ರದೊಳಗೆ ಇತ್ತು, ಅದು ಲೋಡ್ ಆಗೋ ತನಕ ಕಾರು ಮಳೇಲಿ ನಿಂತಿರ್ಬೇಕು. ಈಗ ಅದನ್ನ ಪೇಜಿನ ಮೊದಲನೇ ಸಾಲಲ್ಲೇ ಅಕ್ಷರದಲ್ಲಿ ಹಾಕಿದೀನಿ: ಕಕ್ಕಬ್ಬೆ ಬಿಟ್ಮೇಲೆ ಎರಡನೇ ಎಡ ತಿರುವು, ಸೇತುವೆ ದಾಟಿ ಗೇಟಿಗೆ ಹಸಿರು ಬಣ್ಣ, ಸಿಗ್ನಲ್ ಹೋದ್ರೆ ಹಾರ್ನ್ ಹೊಡೀರಿ.